ಹಕ್ಕಿಗೆ ಬೆಳೆದ ಪೊರೆ

ಹೊನ್ನಾವರದ ಕಡಲಂಚಿನ ಶೆಡ್ಡಿನಲ್ಲಿ, ಅಲ್ಯೂಮಿನಿಯಂ ಕಿಟಕಿ ಚೌಕಟ್ಟುಗಳು ಉಪ್ಪುಗಾಳಿಗೆ ಕೆಡದಂತೆ ಮಾಡಿಕೊಡುವುದು ಜಲಜಾಕ್ಷಿಯ ಕಸುಬು. ಒಂದು ದಿನ ಶೆಡ್ಡಿನ ಮಾಲೀಕ ದತ್ತಾರಾಮ ಅಲ್ಯೂಮಿನಿಯಂ ಹಕ್ಕಿಯೊಂದನ್ನು ತಂದಿಟ್ಟ.

"ಇದು ನನ್ನ ತಾರಸಿಯ ಮೇಲೆ ಕಡಲು ನೋಡ್ತಾ ನಿಲ್ಲಬೇಕು. ಉಪ್ಪುಗಾಳಿ ತಿನ್ನಬಾರದು. ಬಣ್ಣ, ಎಣ್ಣೆ, ಏನೂ ಹಚ್ಚಕೂಡದು. ಆಗದಿದ್ದರೆ ಶೆಡ್ ಖಾಲಿ ಮಾಡು."

"ಆಯ್ತು ಒಡೆಯಾ. ಏನೂ ಹಚ್ಚುವುದಿಲ್ಲ."

ಜಲಜಾಕ್ಷಿ ಹಕ್ಕಿಯನ್ನು ಆಮ್ಲದ ನೀರಿನಲ್ಲಿ ಮುಳುಗಿಸಿ ಕರೆಂಟು ಹಾಯಿಸಿದಳು. ಗುಳ್ಳೆಗಳು ಮೆಲ್ಲಗೆ ಎದ್ದವು. ಹಕ್ಕಿ ನೀರೊಳಗೆ ನಿದ್ದೆಹೋಗಿ ಉಸಿರಾಡುತ್ತಿರುವಂತೆ ಕಂಡಿತು. ಮೇಲೆತ್ತಿದಾಗ ಅದರ ಮೈಗೆ ಮುಂಜಾವಿನ ಮಂಜಿನ ಬಣ್ಣ ಬಂದಿತ್ತು.

ಮಳೆಗಾಲ ಕಳೆಯಿತು. ತಾರಸಿಯ ಕಬ್ಬಿಣದ ಕಂಬಿಗಳೆಲ್ಲ ತುಕ್ಕು ಹಿಡಿದವು. ಹಕ್ಕಿಯ ಮೈಮೇಲೆ ಒಂದು ಕಲೆಯೂ ಇರಲಿಲ್ಲ. ದತ್ತಾರಾಮನಿಗೆ ಅನುಮಾನ ಬಂತು. ಹಕ್ಕಿಯನ್ನು ಶೆಡ್ಡಿಗೆ ಹೊತ್ತು ತಂದ. ಉಗುರಿನಿಂದ ಕೆರೆದ, ಮೂಸಿ ನೋಡಿದ.

"ಮೋಸ! ಇದರ ಮೇಲೆ ಪೊರೆ ಇದೆ. ಏನು ಹಚ್ಚಿದೆ?"

"ಏನೂ ಹಚ್ಚಿಲ್ಲ ಒಡೆಯಾ. ಆಮ್ಲದಲ್ಲಿ ಕರೆಂಟು ಹಾಯಿಸಿದಾಗ ಅದರ ಲೋಹವೇ ಪೊರೆಯಾಗಿ ಬೆಳೆದಿದೆ. ನಿಮ್ಮ ಚರ್ಮ ನಿಮಗೆ ಯಾರು ಹಚ್ಚಿದ್ದು?"

ದತ್ತಾರಾಮ ತನ್ನ ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಮೆಲ್ಲಗೆ ಸವರಿಕೊಂಡ. ಆಮೇಲೆ ಹಕ್ಕಿಯನ್ನು ಮಗುವಿನಂತೆ ಎತ್ತಿಕೊಂಡು ಹೇಳಿದ:

"ಇದಕ್ಕೊಂದು ಜೋಡಿ ತರ್ತೇನೆ. ಅದಕ್ಕೂ ಚರ್ಮ ಬೆಳೆಸಿಕೊಡು."