ಇಬ್ಬರು ಬೊಮ್ಮಳ ನಾಯಕರು

ಪಾಳೆಯಗಾರ ಬೊಮ್ಮಳ ನಾಯಕನಿಗೆ ಸತ್ತ ತಾತನ ಮೇಲೆ ಹೊಟ್ಟೆಕಿಚ್ಚು. ಮನೆತನದ ಪದ್ಧತಿಯಂತೆ ಮೊಮ್ಮಗನಿಗೆ ತಾತನ ಹೆಸರನ್ನೇ ಇಟ್ಟಿದ್ದರು. ಕೆರೆ ಕಟ್ಟಿಸಿದವನು ತಾತ. ಊರು ಹೊಗಳುತ್ತಿದ್ದದ್ದೂ ಅವನನ್ನೇ.

ಮೊಮ್ಮಗ ಕಲ್ಲುಕುಟಿಗನನ್ನು ಕರೆಸಿದ.

“ಕೆರೆ ಏರಿಯ ಕಲ್ಲಿನ ಮೇಲಿರುವ ಮುದುಕನ ಹೆಸರು ಅಳಿಸು. ಇಲ್ಲದಿದ್ದರೆ ನಿನ್ನ ಕೈ ಕಡಿಸುತ್ತೇನೆ.”

ಆ ಹೆಸರು ಕೆತ್ತಿದವನು ಕಲ್ಲುಕುಟಿಗನ ಅಪ್ಪ.

“ಅಳಿಸ್ತೀನಿ ಬುದ್ಧಿ. ಆದರೆ ಹೆಸರು ಹಾಗೇ ಬಿಟ್ಟರೆ ಲಾಭ ನಿಮಗೇ. ಇನ್ನು ನೂರು ವರ್ಷಕ್ಕೆ ಯಾವ ಬೊಮ್ಮಳ ನಾಯಕರು ಅಂತ ಯಾರಿಗೆ ಗೊತ್ತಿರುತ್ತೆ? ಕೆರೆ ನಿಮ್ಮದೇ ಅಂತಾರೆ.”

ನಾಯಕ ಮೀಸೆ ತಿರುವಿದ. ಮರುಗಳಿಗೆ ಅವನ ಮುಖ ಸಣ್ಣದಾಯಿತು.

“ಲೋ, ನನ್ನ ಮೊಮ್ಮಗನಿಗೂ ಇದೇ ಹೆಸರಿಡುತ್ತಾರಲ್ಲೋ! ಆ ಕಳ್ಳ ನನ್ನದನ್ನೆಲ್ಲ ತನ್ನದೆಂದು ಹೊಡೆದುಕೊಂಡರೆ?”

ಕಲ್ಲುಕುಟಿಗ ಉಳಿಯನ್ನು ಚೀಲಕ್ಕೆ ಹಾಕಿಕೊಂಡ.

“ಆ ಭಯ ಬೇಡ ಬುದ್ಧಿ. ಅವರಿಗೆ ನಿಮ್ಮಿಂದ ಸಿಗೋದು ಹೆಸರೊಂದೇ.”