ದ್ಯಾವಕ್ಕ ಎಬ್ಬಿಸಿದ ಕಲ್ಲು

ಈಗಿನ ಮಾತಲ್ಲ ಕೇಳ್ರಪ್ಪ, ನಮ್ಮಜ್ಜನ ಅಜ್ಜನಿಗೂ ಹಿಂದಿನದು. ಕೆಂಗುಡ್ಡದ ಬುಡದಲ್ಲಿ ಒಂದೂರಿತ್ತಂತೆ. ಆ ಊರವರು ಹೊಟ್ಟು, ಸೌದೆ ಚಕ್ಕೆಗಳನ್ನು ಮುಚ್ಚಿದ ಮಡಕೆಯಲ್ಲಿ ಕಾಯಿಸಿ, ಅದರ ಹೊಗೆಯನ್ನು ಕೆಂಗಲ್ಲು ತುಂಬಿದ ಇನ್ನೊಂದು ಮಡಕೆಗೆ ಹಾಯಿಸುತ್ತಿದ್ದರಂತೆ. ಕಲ್ಲಿನ ನಡುವೆ ಹಾದುಬಂದ ಹೊಗೆ ತಣ್ಣಗಾದರೆ ತಿಳಿಯಾದ ದೀಪದೆಣ್ಣೆ. ಕಲ್ಲಿಲ್ಲದಿದ್ದರೆ ಬರೀ ಕರೀ ಅಂಟು.

ನಾಲ್ಕಾರು ಸಲಕ್ಕೇ ಕಲ್ಲಿಗೆ ಮಸಿ ಕಟ್ಟಿ ಎಣ್ಣೆ ನಿಲ್ಲುತ್ತಿತ್ತು. ಕಲ್ಲು ಸತ್ತಿತು ಅನ್ನುತ್ತಿದ್ದರು. ಸತ್ತದ್ದನ್ನು ಮನೆಯಲ್ಲಿಡಬಾರದೆಂದು ಅರಿಶಿನ ಹಚ್ಚಿ ಊರಾಚೆ ಹೂಳುತ್ತಿದ್ದರಂತೆ. ಹೊಸ ಕಲ್ಲಿಗೆ ಮತ್ತೆ ಗುಡ್ಡದ ಗುಂಡಿಗೆ ಇಳಿಯಬೇಕು. ಗುಂಡಿ ವರ್ಷವರ್ಷಕ್ಕೂ ಆಳವಾಗುತ್ತಿತ್ತು.

ಒಂದು ದಿನ ಚೆಲುವ ಎಂಬ ಹುಡುಗ ಒಂದು ಬುಟ್ಟಿ ಕಲ್ಲು ಮೇಲೆ ಕಳಿಸಿದ. ಅವನು ಹತ್ತುವ ಮೊದಲೇ ಗುಂಡಿ ಕುಸಿಯಿತು. ತಾಯಿಯಿಲ್ಲದ ಅವನನ್ನು ಎತ್ತಿ ಸಾಕಿದ್ದ ಅಕ್ಕ ದ್ಯಾವಕ್ಕ ಅಂಚಿನಲ್ಲಿ ಕೂತು, “ಮೇಲೆ ಬಾ, ತಮ್ಮಾ” ಎಂದು ದನಿ ಉಡುಗುವವರೆಗೂ ಕರೆದಳಂತೆ. ಅವನು ಬರಲಿಲ್ಲ.

ಆ ಬುಟ್ಟಿಯ ಕಲ್ಲೂ ಕಪ್ಪಾದಾಗ ಹಿರಿಯರು, ಗುಂಡಿ ಮತ್ತೆ ತೋಡೋಣ ಅಂದರಂತೆ. ಊರೆಂದರೆ ಹಾಗೇ, ಎಲ್ಲದಕ್ಕೂ ಅವಸರ. ದ್ಯಾವಕ್ಕ ಬುಟ್ಟಿ ಅವುಚಿಕೊಂಡು, “ನನ್ನ ತಮ್ಮನ ಮೇಲೆ ಗುದ್ದಲಿ ಹಾಕಬೇಡ್ರಪ್ಪ. ಈ ಕಲ್ಲನ್ನ ನಾನು ಎಬ್ಬಿಸ್ತೀನಿ” ಅಂದಳಂತೆ. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡ ಜನ ಅಮಾವಾಸ್ಯೆವರೆಗೆ ಕಾಯಲು ಒಪ್ಪಿದರು.

ತೊಳೆದಳು, ಮಸಿ ಹೋಗಲಿಲ್ಲ. ಹಟಕ್ಕೆ ಬಿದ್ದು ಒಂದು ಹಿಡಿ ಕಲ್ಲನ್ನು ಕುಲುಮೆಗೆ ಹಾಕಿ ತಿದಿ ಒತ್ತಿದಳು. ಅವು ಗಾಜಿನ ಹಾಗೆ ಬಿಗಿದುಕೊಂಡು ನಿಜಕ್ಕೂ ಸತ್ತವು. ಅವತ್ತು ತಮ್ಮ ಇನ್ನೊಮ್ಮೆ ಸತ್ತಷ್ಟು ಅತ್ತಳಂತೆ. ಆಮೇಲೆ ಉಳಿದದ್ದನ್ನು ಬಿಸಿಬೂದಿಯಲ್ಲಿ ಹುದುಗಿಸಿ, ಬೆರಳು ತೂರುವಷ್ಟು ಕಿಂಡಿ ಬಿಟ್ಟು, ಊದದೆ, ಕೆದಕದೆ, ಮಗು ಮಲಗಿಸಿದವಳ ಹಾಗೆ ಪಕ್ಕದಲ್ಲೇ ಕೂತಳು. ಒಳಗಿನ ಮಸಿ ಮೆಲ್ಲಗೆ ತಾನಾಗಿ ಉರಿದುಹೋಯಿತು. ಅಮಾವಾಸ್ಯೆಯ ದಿನ ಬೂದಿ ಸರಿಸಿದರೆ ಕಲ್ಲು ಕೆಂಪಗಿತ್ತಂತೆ.

ಅದರಿಂದ ಮತ್ತೆ ತಿಳಿ ಎಣ್ಣೆ ಇಳಿದು ಆ ಸಂಜೆ ಊರಿಗೆಲ್ಲ ದೀಪ ಹತ್ತಿತು. ಹೂತಿದ್ದ ಕಲ್ಲುಗಳನ್ನೂ ಜನ ಅಗೆದು ತಂದರು. ಗುಂಡಿಗೆ ಮತ್ತೆ ಯಾರೂ ಇಳಿಯಲಿಲ್ಲ.

ಇವತ್ತಿಗೂ ಆ ಊರಲ್ಲಿ ಅಮಾವಾಸ್ಯೆಗೆ ಕಲ್ಲು ಎಬ್ಬಿಸುವ ತನಕ ಎಣ್ಣೆ ತೆಗೆಯುವುದಿಲ್ಲವಂತೆ. ಪೂರ್ತಿ ಕಪ್ಪಾಗುವ ಮೊದಲೇ ಕಲ್ಲನ್ನು ಬೂದಿಗೆ ಹಾಕುತ್ತಾರೆ, ಹತ್ತಿರ ಯಾರೂ ಊದುವಂತಿಲ್ಲ. ಕಲ್ಲು ಕೆಂಪಾದ ಮೇಲೆ ಮನೆಯ ಹಿರಿಯಕ್ಕ ಆರಿದ ಬೂದಿಯೊಳಗೆ ಕೈಹಾಕಿ ಮೊದಲ ಕಲ್ಲು ಎತ್ತುವಾಗ ಹೇಳುವುದು ಒಂದೇ ಮಾತು: “ಮೇಲೆ ಬಾ, ತಮ್ಮಾ.”