ಹುಲಿಗೆಮ್ಮನ ಹೆಸರಿದ್ದ ಉತ್ತರ

“ಗುರುಗಳೇ, ಶಾಲೆಯ ಬಗ್ಗೆ ಹೆಮ್ಮೆ ಪಡುವುದು ತಪ್ಪೇ?” ಎಂದು ಶಿಷ್ಯೆ ಕೇಳಿದಳು.

ಅವಳು ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ. ಆರು ವರ್ಷಗಳಿಂದ ಅವಳ ಶಾಲೆಯ ಫಲಿತಾಂಶ ನೂರಕ್ಕೆ ನೂರು. ಈ ವರ್ಷ ಒಬ್ಬ ಹುಡುಗಿ ಗಣಿತದಲ್ಲಿ ನಪಾಸಾಗುವುದು ಖಚಿತವಾಗಿತ್ತು. ಪರೀಕ್ಷೆಗೆ ಮೊದಲೇ ಆ ಹುಡುಗಿಗೆ ವರ್ಗಾವಣೆ ಪತ್ರ ಕೊಟ್ಟು ಕಳಿಸಿದರೆ ಫಲಿತಾಂಶ ಉಳಿಯುತ್ತಿತ್ತು. ಪತ್ರ ಬರೆದು ಸಿದ್ಧವಾಗಿ ಅವಳ ಚೀಲದಲ್ಲಿತ್ತು. ಸಹಿಯೊಂದು ಬಾಕಿ.

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಉಪಾಧ್ಯಾಯಿನಿ ಇದ್ದಳು. ಅವಳ ಶಾಲೆಯ ಬಾಗಿಲು ಒಂಬತ್ತು ಗಂಟೆಗೆ ತೆರೆಯುತ್ತಿತ್ತು. ಒಂಬತ್ತೂ ಐದಕ್ಕೆ ಬಂದವರು ಹೊರಗೆ ನಿಂತು ಹದಿನೇಳರ ಮಗ್ಗಿ ಒಪ್ಪಿಸಿ ಒಳಗೆ ಬರಬೇಕಿತ್ತು. ನಾಲ್ಕು ತರಗತಿಗೆ ಇದ್ದದ್ದು ಒಂದೇ ಕೋಣೆ, ಅವಳೊಬ್ಬಳೇ ಉಪಾಧ್ಯಾಯಿನಿ. ಆದರೂ ಹನ್ನೊಂದು ವರ್ಷ ಅಲ್ಲಿ ಒಂದು ಮಗುವೂ ನಪಾಸಾಗಿರಲಿಲ್ಲ. ಪ್ರತಿ ವರ್ಷ ರಾಜ ಅವಳನ್ನು ಕರೆಸಿ ಶಾಲು ಹೊದಿಸುತ್ತಿದ್ದ. ಅವಳು ಆ ಶಾಲನ್ನು ಹೊದ್ದುಕೊಂಡೇ ಊರ ಬೀದಿಯಲ್ಲಿ ನಡೆದು ಬರುತ್ತಿದ್ದಳು. ಅದರಲ್ಲಿ ಅವಳಿಗೆ ಸಂಕೋಚವಿರಲಿಲ್ಲ. ದುಡಿದು ಪಡೆದ ಶಾಲು ಅದು.

ಹನ್ನೆರಡನೆಯ ವರ್ಷ ಅವಳ ಶಾಲೆಯಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಳು. ಬುಟ್ಟಿ ಹೆಣೆಯುವವನ ಮಗಳು. ಓದುತ್ತಿದ್ದಳು, ಬರೆಯುತ್ತಿದ್ದಳು. ಭಾಗಾಕಾರ ಮಾತ್ರ ಹತ್ತಲಿಲ್ಲ. ಶಾಲೆ ಬಿಟ್ಟ ಮೇಲೂ ಉಪಾಧ್ಯಾಯಿನಿ ಅವಳನ್ನು ದಿನವೂ ಒಂದು ತಾಸು ಕೂರಿಸಿಕೊಂಡಳು. ಆದರೂ ಹತ್ತಲಿಲ್ಲ.

ಆ ರಾಜ್ಯದ ಶಾಲೆಗಳಲ್ಲಿ ಒಂದು ರೂಢಿ ಬೆಳೆದಿತ್ತು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಹಿಂದೆ ಬಿದ್ದ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುತ್ತಿದ್ದರು. ಉಳಿದವರೆಲ್ಲ ಪಾಸಾಗುತ್ತಿದ್ದರು. ಆ ದಿನ ಬಂದಾಗ ಶಾಲೆಗಳ ಅಧಿಕಾರಿ ಉಪಾಧ್ಯಾಯಿನಿಯ ಶಾಲೆಗೂ ಬಂದ. ಪುಸ್ತಕ ತೆರೆದು ನೋಡಿದ.

“ಏನು ತಾಯೀ, ಹತ್ತೊಂಬತ್ತೂ ಹೆಸರು ಹಾಗೇ ಇವೆ? ನಿಮ್ಮ ಊರಿನಲ್ಲಿ ಶಾಯಿ ಸಿಗುವುದಿಲ್ಲವೇ?”

“ಸಿಗುತ್ತದೆ ಸ್ವಾಮಿ. ಬರೆಯುವುದಕ್ಕೆ ಇಟ್ಟುಕೊಂಡಿದ್ದೇನೆ, ಹೊಡೆಯುವುದಕ್ಕಲ್ಲ.”

“ಆ ಬುಟ್ಟಿಯವನ ಮಗಳು ನಿಮ್ಮ ಶಾಲನ್ನು ಕಸಿದುಕೊಳ್ಳುತ್ತಾಳೆ, ನೋಡಿ. ಒಂದು ತಿಂಗಳು ಮನೆಯಲ್ಲಿರಲಿ. ಆಮೇಲೆ ಕರೆಸಿಕೊಳ್ಳಿ.”

“ಹೆಸರು ಹೊಡೆದ ಹೆಣ್ಣುಮಗು ಮನೆಯಲ್ಲಿ ತಿಂಗಳು ಕೂರುವುದಿಲ್ಲ ಸ್ವಾಮಿ. ಮದುವೆಯಾಗಿ ಹೋಗುತ್ತದೆ.”

“ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತದೆ. ನಿಮಗೆ ಶಾಲೆಯ ಬಗ್ಗೆ ಹೆಮ್ಮೆ ಇಲ್ಲವೇ?”

“ಬಹಳ ಇದೆ. ಅದಕ್ಕೇ ಸುಳ್ಳು ಲೆಕ್ಕ ಕೊಡಲು ಕೈ ಬರುವುದಿಲ್ಲ,” ಎಂದಳು ಉಪಾಧ್ಯಾಯಿನಿ. ಪುಸ್ತಕ ಮುಚ್ಚಿ ಎದ್ದು ನಿಂತಳು. ಗಂಟೆ ಒಂಬತ್ತಾಗಿತ್ತು, ಪಾಠ ಶುರುವಾಗಬೇಕಿತ್ತು.

ಪರೀಕ್ಷೆ ನಡೆಯಿತು. ಹದಿನೆಂಟು ಮಕ್ಕಳು ಪಾಸಾದರು. ಹುಲಿಗೆಮ್ಮ ನಪಾಸಾದಳು.

ಆ ವರ್ಷ ರಾಜಸಭೆಯ ಸದಸ್ಯರೊಬ್ಬರು ಶಾಲೆಗಳ ಕುರಿತು ಪ್ರಶ್ನೆ ಎತ್ತಿದರು. ಎಲ್ಲ ಶಾಲೆಗಳಿಗೂ ಒಂದು ಕಾಗದ ಹೋಯಿತು. ಅದರಲ್ಲಿ ಎರಡು ಪ್ರಶ್ನೆ. ನಿಮ್ಮ ಶಾಲೆಯಲ್ಲಿ ನಪಾಸಾದ ಮಕ್ಕಳಿದ್ದಾರೆಯೇ? ಇದ್ದಲ್ಲಿ, ಕಾರಣವೇನು ಮತ್ತು ಶಾಲೆಗೆ ಏನು ಬೇಕು?

ಸಭೆ ಸೇರಿತು. ಮಂತ್ರಿ ಉತ್ತರಗಳನ್ನು ಓದಿದ. ಮೊದಲ ಶಾಲೆ: “ಇಲ್ಲ. ಎರಡನೆಯ ಪ್ರಶ್ನೆ ಉದ್ಭವಿಸುವುದಿಲ್ಲ.” ಎರಡನೆಯ ಶಾಲೆ: “ಇಲ್ಲ. ಉದ್ಭವಿಸುವುದಿಲ್ಲ.” ನೂರಾ ಹನ್ನೆರಡು ಶಾಲೆಗಳ ಉತ್ತರವೂ ಇದೇ. ಪ್ರತಿ ಉತ್ತರಕ್ಕೂ ಸಭೆ ಮೇಜು ಕುಟ್ಟಿತು.

ಕೊನೆಯ ಕಾಗದ ಉದ್ದವಾಗಿತ್ತು. “ಒಬ್ಬಳಿದ್ದಾಳೆ. ಹೆಸರು ಹುಲಿಗೆಮ್ಮ. ಭಾಗಾಕಾರ ಬಂದಿಲ್ಲ. ಕಲಿಸಿದವಳು ನಾನು. ನಾಲ್ಕು ತರಗತಿಗೆ ನಾನೊಬ್ಬಳೇ. ಗಣಿತಕ್ಕೆ ಇನ್ನೊಬ್ಬರು ಬೇಕು, ಇನ್ನೊಂದು ಕೋಣೆ ಬೇಕು.”

ಸಭೆ ನಕ್ಕಿತು. ರಾಜ ನಗಲಿಲ್ಲ. ಖಜಾನೆಯ ಮಂತ್ರಿಯನ್ನು ಕರೆದು, “ಶಾಲೆಗಳಿಗೆಂದು ಎತ್ತಿಟ್ಟ ಹಣ ಯಾರಿಗೆ ಕೊಡಬೇಕು?” ಎಂದು ಕೇಳಿದ.

“ಕೇಳಿದವರು ಒಬ್ಬರೇ ಪ್ರಭು. ಉಳಿದವರಿಗೆ ಏನೂ ಬೇಡವಂತೆ. ಅವರೇ ಬರೆದು ಸಹಿ ಹಾಕಿದ್ದಾರೆ.”

ಉಪಾಧ್ಯಾಯಿನಿಯ ಶಾಲೆಗೆ ಗಣಿತದ ಮೇಷ್ಟ್ರು ಬಂದರು, ಕೋಣೆ ಎದ್ದಿತು. ಉಳಿದ ಹಣ ಅರಮನೆಯ ಹೆಬ್ಬಾಗಿಲಿನ ಬಣ್ಣಕ್ಕೆ ಹೋಯಿತು. ಸೋರುವ ಮಾಡು, ಮುರಿದ ಬೆಂಚು ಇದ್ದ ಶಾಲೆಯವರು ಓಡಿ ಬಂದು ಬೇಡಿಕೊಂಡರು. ಮಂತ್ರಿ ಅವರವರ ಕೈಬರಹವನ್ನೇ ಅವರಿಗೆ ತೋರಿಸಿದ.

ಶಾಲು ಹೊದಿಸುವ ದಿನ ನೂರಾ ಹನ್ನೆರಡು ಮಂದಿಗೆ ಶಾಲು ಬಂತು. ಉಪಾಧ್ಯಾಯಿನಿಗೆ ಕೊನೆಯ ಸಾಲಿನಲ್ಲಿ ಜಾಗ ಕೊಟ್ಟಿದ್ದರು. ಅವಳು ಸಮಯಕ್ಕೆ ಮೊದಲೇ ಬಂದು, ಇಸ್ತ್ರಿ ಮಾಡಿದ ಸೀರೆಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆಯ ಮುಖ ಅರಳಿತು. “ಮರುವರ್ಷ ಹುಲಿಗೆಮ್ಮ ಪಾಸಾಗಿರಬೇಕು. ಶಾಲೆಯ ಫಲಿತಾಂಶ ಮತ್ತೆ ನೂರಕ್ಕೆ ನೂರು ಬಂದಿರಬೇಕು. ಅಲ್ಲವೇ ಗುರುಗಳೇ?”

“ಇಲ್ಲಮ್ಮ, ಮರುವರ್ಷವೂ ಅವಳು ಶಾಲೆಗೆ ಬಂದಳು, ಪರೀಕ್ಷೆಗೆ ಕೂತಳು, ನಪಾಸಾದಳು.”

ಶಿಷ್ಯೆ ಚೀಲದಿಂದ ವರ್ಗಾವಣೆ ಪತ್ರ ತೆಗೆದು, ಸಹಿ ಹಾಕದೆಯೇ ಹರಿದಳು.